ಹಿಮ್ಮೇಳದಲ್ಲಿ ಕೂತವನು

ಎಂಟು ತಿಂಗಳ ಕಾಲ ನಾನು ಒಂದು ಆಲ್ಬಮನ್ನು ತಪ್ಪಾಗಿ ಕೇಳಿದ್ದೇನೆ. ಕೇಳಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಷ್ಟೂ ದಿನ ಅದರ ಬಗ್ಗೆ ಸಿಕ್ಕಸಿಕ್ಕವರೊಡನೆ ವಾದಕ್ಕೂ ಇಳಿದಿದ್ದೆ. ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಕೊನೆಯ ಆಲ್ಬಮ್ ‘ದಿ ಎಂಡ್‌ಲೆಸ್ ರಿವರ್’, ಅದರ ಸರೌಂಡ್ ಮಿಕ್ಸ್, ಅಂದರೆ ಸದ್ದು ಕೇಳುಗನ ಸುತ್ತಲಿಂದಲೂ ಬರುವಂತೆ ಹೊಂದಿಸಿದ ಆವೃತ್ತಿ. ಐದು ಸ್ಪೀಕರು, ಒಂದು ಸಬ್‌ವೂಫರ್, ನಡುವೆ ನನ್ನ ಕುರ್ಚಿ. ‘ಮುಂದೆ ಎಡಗಡೆ ಹುಟ್ಟಿದ ಸದ್ದು ನೆತ್ತಿಯ ಮೇಲೆ ಹಾದು ಹಿಂದೆ ಬಲಗಡೆ ಇಳಿಯುತ್ತದೆ, ಮಿಕ್ಸ್ ಮಾಡಿದವನ ಎದೆಗಾರಿಕೆ ನೋಡಿ’ ಎಂದು ಹೇಳಿಕೊಂಡು ತಿರುಗಿದ್ದೆ. ಒಂದು ದಿನ ಏನೋ ಸರಿಪಡಿಸಲು ಹೋಗಿ ಆಂಪ್ಲಿಫೈಯರಿನ ಪರೀಕ್ಷಾ ಸದ್ದು ಹಾಕಿದೆ. ಒಂದೊಂದು ಸ್ಪೀಕರಿನಿಂದಲೂ ಸರದಿಯಂತೆ ‘ಶ್’ ಎಂಬ ಸದ್ದು ಹೊರಡುವ ಏರ್ಪಾಡು ಅದು. ಪರದೆಯ ಮೇಲೆ ‘ಹಿಂದೆ, ಎಡ’ ಎಂದು ಮೂಡಿತು. ಸದ್ದು ಬಲಗಡೆಯಿಂದ ಬಂತು. ತಂತಿಗಳು ಅದಲುಬದಲಾಗಿದ್ದವು. ಸಿಕ್ಕಿಸಿದವನು ನಾನೇ.

ನನ್ನಿಂದ ಆ ಎದೆಗಾರಿಕೆಯ ವರ್ಣನೆ ಕೇಳಿ ‘ಹೌದು, ನನಗೂ ಹಾಗೇ ಅನ್ನಿಸಿತು’ ಎಂದು ತಲೆಯಾಡಿಸಿದವರು ಇಬ್ಬರಿದ್ದರು. ಅವರಿಗೆ ನಿಜ ಸಂಗತಿ ತಿಳಿಸಲು ಈವರೆಗೂ ಮನಸ್ಸು ಬಂದಿಲ್ಲ.

ಈ ಆಲ್ಬಮ್ಮಿನ ಬಗ್ಗೆ ಅಭಿಪ್ರಾಯಗಳು ಮೊದಲಿನಿಂದಲೂ ಒಡೆದ ಕನ್ನಡಿಯಂತೆಯೇ ಇವೆ. ಅದಕ್ಕೆ ಕಾರಣ ಅದು ಹುಟ್ಟಿದ ರೀತಿ. 1993ರಲ್ಲಿ ಗಿಟಾರಿನ ಡೇವಿಡ್ ಗಿಲ್ಮೋರ್, ಡ್ರಮ್ಸಿನ ನಿಕ್ ಮೇಸನ್ ಮತ್ತು ಕೀಬೋರ್ಡಿನ ರಿಚರ್ಡ್ ರೈಟ್ ಮೂವರೂ ಲಂಡನ್ನಿನ ಬ್ರಿಟಾನಿಯಾ ರೋ ಸ್ಟುಡಿಯೋದಲ್ಲಿ, ಆಮೇಲೆ ಥೇಮ್ಸ್ ನದಿಯಲ್ಲಿ ಲಂಗರು ಹಾಕಿ ನಿಂತಿರುವ ಗಿಲ್ಮೋರರ ದೋಣಿಮನೆ ‘ಆಸ್ಟೋರಿಯಾ’ದಲ್ಲಿ ಕೂತು ಯಾವ ಗುರಿಯೂ ಇಲ್ಲದೆ ಗಂಟೆಗಟ್ಟಲೆ ನುಡಿಸಿದರು. ಅದರಲ್ಲಿ ಆಯ್ದದ್ದು ಬೆಳೆದು 1994ರ ‘ದಿ ಡಿವಿಷನ್ ಬೆಲ್’ ಆಯಿತು. ಉಳಿದದ್ದು ಟೇಪುಗಳಲ್ಲೇ ಉಳಿಯಿತು. ಧ್ವನಿ ಎಂಜಿನಿಯರ್ ಆ್ಯಂಡಿ ಜಾಕ್ಸನ್ ಆ ಉಳಿಕೆಗಳನ್ನು ಹೆಣೆದು ಒಂದು ಗಂಟೆಯಷ್ಟು ಉದ್ದದ ವಾದ್ಯಸಂಗೀತ ಸಿದ್ಧಪಡಿಸಿದ್ದರು, ಅದು ಹೊರಬರಲಿಲ್ಲ. 2008ರ ಸೆಪ್ಟೆಂಬರ್ 15ರಂದು ರೈಟ್ ತೀರಿಕೊಂಡರು. ಅದಾದ ಕೆಲವು ವರ್ಷಗಳ ಮೇಲೆ ಗಿಟಾರ್ ವಾದಕ, ನಿರ್ಮಾಪಕ ಫಿಲ್ ಮಂಜನೇರಾ ಇಪ್ಪತ್ತು ಗಂಟೆಗಳಿಗೂ ಹೆಚ್ಚಿನ ಆ ಧ್ವನಿಮುದ್ರಣವನ್ನು ಕೇಳಿ, ಆಯ್ದು, ನಾಲ್ಕು ಭಾಗಗಳಾಗಿ ಜೋಡಿಸಿದರು. ಯೂತ್ ಎಂಬ ಹೆಸರಿನ ನಿರ್ಮಾಪಕರೂ ಜಾಕ್ಸನ್ನರೂ ಕೈಜೋಡಿಸಿದರು. ಗಿಲ್ಮೋರ್ ಹೊಸದಾಗಿ ಗಿಟಾರ್ ಸೇರಿಸಿದರು, ಮೇಸನ್ ಡ್ರಮ್ಸ್ ಸೇರಿಸಿದರು. ರೈಟ್ ಮಾತ್ರ ಇಪ್ಪತ್ತು ವರ್ಷಗಳ ಹಿಂದೆ ನುಡಿಸಿದ್ದನ್ನೇ ನುಡಿಸುತ್ತಿದ್ದರು. 2014ರ ನವೆಂಬರಿನಲ್ಲಿ ಆಲ್ಬಮ್ ಬಂತು. ಹದಿನೆಂಟು ತುಣುಕುಗಳು, ಸುಮಾರು 53 ನಿಮಿಷ, ಪೂರ್ಣ ಪ್ರಮಾಣದ ಹಾಡು ಒಂದೇ ಒಂದು.

‘ತಂಗಳಿಗೆ ಹೊಸ ಒಗ್ಗರಣೆ’ ಎಂದು ಬಹಳ ಜನ ಅಂದರು. ನಾನೂ ಅಂದವನೇ. ಸ್ಟೀರಿಯೊದಲ್ಲಿ ಮೊದಲ ಸಲ ಕೇಳಿದಾಗ ನನಗೆ ಯಾರದೋ ಮನೆಯ ಹಳೆಯ ಕಪಾಟು ತೆರೆದು ನಿಂತ ಹಾಗಾಗಿತ್ತು. ಇದು ಆ ಆಲ್ಬಮ್ಮಿನ ನೆನಪು, ಇದು ಈ ಆಲ್ಬಮ್ಮಿನ ನೆನಪು, ಈ ಗಿಟಾರಿನ ಏರಿಳಿತ ಎಲ್ಲೋ ಕೇಳಿದ್ದೇನಲ್ಲ, ಹೀಗೆ. ಒಂದು ತುಣುಕು ಮೈದುಂಬಿಕೊಳ್ಳುವ ಹೊತ್ತಿಗೆ ಮುಗಿದೇ ಹೋಗುತ್ತದೆ. ಇನ್ನೊಂದು ಶುರುವಾಗುತ್ತದೆ. ಅದೂ ದಾರಿ ತುಳಿಯುವ ಮೊದಲೇ ನಿಲ್ಲುತ್ತದೆ. ಎರಡು ಸಲ ಕೇಳಿ ಎತ್ತಿಟ್ಟೆ.

ಸರೌಂಡ್ ಮಿಕ್ಸ್ ಕೇಳಿದ ಮೇಲೆ ನನ್ನ ದೂರು ಹೋಗಲಿಲ್ಲ, ಆದರೆ ಜಾಗ ಬದಲಿಸಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ಸ್ಪೀಕರಿನ ಮುಂದೆ ಕೂತವನು ಸಭಿಕ. ಎದುರಿಗೆ ವೇದಿಕೆ ಇದೆ, ಅಲ್ಲಿ ಏನೋ ನಡೆಯುತ್ತಿದೆ, ಅದು ಎಲ್ಲಿಗಾದರೂ ತಲುಪಬೇಕು ಎಂದು ಅವನು ಕಾಯುತ್ತಾನೆ. ತಲುಪದಿದ್ದರೆ ಬೇಸರ. ಸದ್ದು ನಾಲ್ಕೂ ದಿಕ್ಕಿನಿಂದ ಬಂದಾಗ ಅವನು ಸಭಿಕನಾಗಿ ಉಳಿಯುವುದಿಲ್ಲ. ಆ ದೋಣಿಮನೆಯೊಳಗೆ ಒಂದು ಮೂಲೆಯಲ್ಲಿ ಯಾರೂ ಗಮನಿಸದಂತೆ ಕೂತವನಾಗುತ್ತಾನೆ. ಮೂವರು ನುಡಿಸುತ್ತಿದ್ದಾರೆ. ಅವರಿಗೆ ಅವಸರವಿಲ್ಲ. ಅವರು ನನಗಾಗಿ ನುಡಿಸುತ್ತಲೂ ಇಲ್ಲ. ಒಂದು ಎಳೆ ನಡುವೆ ನಿಂತರೆ ಅದು ಸೋಲು ಅನ್ನಿಸುವುದಿಲ್ಲ, ಯಾರೋ ನೀರು ಕುಡಿಯಲು ಎದ್ದರು ಅನ್ನಿಸುತ್ತದೆ.

ಎಲ್ಲರಿಗೂ ಹೀಗೆ ಅನ್ನಿಸುವುದಿಲ್ಲ. ಸರೌಂಡ್ ಕೇಳುವವರಲ್ಲಿ ಹಳೆಯದೊಂದು ಜಗಳವಿದೆ. ಐದು ಸ್ಪೀಕರಿಗೆ ಹಣ ಸುರಿದಿದ್ದೇನೆ, ಐದೂ ದುಡಿಯಬೇಕು ಎನ್ನುವವರು ಒಂದು ಕಡೆ. ಹಿಂಬದಿಯ ಸ್ಪೀಕರಿನಿಂದ ಬರೀ ಮಾರ್ದನಿ ಬಂದರೆ ಅವರಿಗೆ ಮೋಸ ಹೋದಂತೆ. ಗಿಟಾರ್ ಹಿಂದಿನಿಂದ ಬರಲಿ, ತಾಳ ಕೋಣೆ ಸುತ್ತಲಿ, ಇಲ್ಲದಿದ್ದರೆ ಸ್ಟೀರಿಯೊ ಸಾಕಿತ್ತಲ್ಲ ಎನ್ನುತ್ತಾರೆ. ಇನ್ನೊಂದು ಕಡೆಯವರಿಗೆ ಹಿಂದಿನಿಂದ ಗಿಟಾರ್ ಬಂದರೆ ಮೈ ಉರಿಯುತ್ತದೆ. ಸಂಗೀತಗಾರ ಯಾಕೆ ನನ್ನ ಬೆನ್ನ ಹಿಂದೆ ನಿಲ್ಲಬೇಕು? ಕಚೇರಿಯಲ್ಲಿ ಯಾರಾದರೂ ಹಾಗೆ ಕೂರುತ್ತಾರೆಯೇ? ಹಿಂಬದಿ ಇರುವುದು ಸಭಾಂಗಣದ ಗಾಳಿಗೆ, ಚಪ್ಪಾಳೆಗೆ. ಅಷ್ಟೇ.

ಇಬ್ಬರೂ ಈ ಆಲ್ಬಮ್ಮಿನ ಬಗ್ಗೆ ಅತೃಪ್ತರು ಎಂಬುದೇ ನನಗೆ ಕುತೂಹಲದ ಸಂಗತಿ. ಮೊದಲನೆಯವರಿಗೆ ಇದು ಅತಿ ಸಭ್ಯ. ಇದೇ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ಗೆ ಧ್ವನಿ ಎಂಜಿನಿಯರ್ ಜೇಮ್ಸ್ ಗತ್ರಿ 2003ರಲ್ಲಿ ಮಾಡಿದ ಸರೌಂಡ್ ಮಿಕ್ಸಿನಲ್ಲಿ ಗಡಿಯಾರಗಳು ಸುತ್ತಲೂ ಬಡಿದುಕೊಂಡ ಹಾಗೆ ಇಲ್ಲಿ ಏನೂ ಬಡಿದುಕೊಳ್ಳುವುದಿಲ್ಲ. ಎರಡನೆಯವರಿಗೆ ಇಲ್ಲಿ ಹಿಂಬದಿ ಅತಿಯಾಗಿ ತುಂಬಿದೆ. ಕೀಬೋರ್ಡಿನ ಸ್ವರಗಳು ಹೊಗೆಯಂತೆ ಹಿಂದಿನಿಂದ ಹಬ್ಬಿ ಮುಂದಿನ ವಾದ್ಯಗಳ ಅಂಚನ್ನು ಮಸುಕಾಗಿಸುತ್ತವೆ. ಒಂದೇ ಮಿಕ್ಸು, ಒಬ್ಬರಿಗೆ ಬರಿದು, ಇನ್ನೊಬ್ಬರಿಗೆ ಕಿಕ್ಕಿರಿದದ್ದು. ಯಾರ ಕೋಣೆಯಲ್ಲಿ ಯಾವ ತಂತಿ ಎಲ್ಲಿಗೆ ಸಿಕ್ಕಿಕೊಂಡಿದೆಯೋ ಎಂಬ ಗುಮಾನಿ ಈಗ ನನಗೆ ಸದಾ ಇದೆ.

ಗುಮಾನಿಗೆ ಆಧಾರವೂ ಇದೆ. ಐದು ಸ್ಪೀಕರಿನ ವ್ಯವಸ್ಥೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹಾಕಿಕೊಟ್ಟ ಲೆಕ್ಕವಿದೆ. ಒಂದು ನೇರ ಎದುರಿಗೆ, ಎರಡು ಅದರ ಅಕ್ಕಪಕ್ಕ ತಲಾ 30 ಡಿಗ್ರಿಗೆ, ಹಿಂದಿನ ಎರಡು 100ರಿಂದ 120 ಡಿಗ್ರಿಯೊಳಗೆ. ಎಲ್ಲವೂ ಕೇಳುಗನಿಂದ ಒಂದೇ ದೂರದಲ್ಲಿ. ಅಂದರೆ ‘ಹಿಂದಿನ’ ಸ್ಪೀಕರುಗಳು ನಿಜಕ್ಕೂ ಬೆನ್ನ ಹಿಂದೆ ಇರಬೇಕಾದವಲ್ಲ, ಕಿವಿಯಿಂದ ತುಸು ಹಿಂದಕ್ಕೆ, ಪಕ್ಕದಲ್ಲಿ. ಮನೆಗಳಲ್ಲಿ ಹಾಗಿರುವುದಿಲ್ಲ. ಬಾಗಿಲು ಅಡ್ಡ ಬರುತ್ತದೆ, ಕಿಟಕಿ ಅಡ್ಡ ಬರುತ್ತದೆ, ಮನೆಯವರ ತಾಳ್ಮೆ ಅಡ್ಡ ಬರುತ್ತದೆ. ಕೊನೆಗೆ ಒಂದು ಸ್ಪೀಕರ್ ಕಪಾಟಿನ ತುದಿಗೆ, ಇನ್ನೊಂದು ಪರದೆಯ ಹಿಂದಕ್ಕೆ. ಕುರ್ಚಿ ಗೋಡೆಗೆ ಒರಗಿರುತ್ತದೆ. ಹೀಗೆ ಕೂತು ‘ಹಿಂಬದಿ ಜಾಸ್ತಿಯಾಯಿತು’ ಎಂದರೆ ಅದು ಸಂಗೀತದ ವಿಮರ್ಶೆಯೋ ಪೀಠೋಪಕರಣದ ವಿಮರ್ಶೆಯೋ?

ನನ್ನ ಕಿವಿಯ ಮಾತು ಹೇಳುತ್ತೇನೆ, ತಂತಿ ಸರಿಪಡಿಸಿದ ಮೇಲಿನ ಕಿವಿಯದು. ಮೊದಲ ಭಾಗ ಶುರುವಾಗುವುದೇ ಮಾತಿನ ತುಣುಕುಗಳಿಂದ. ತಂಡದವರ ಹಳೆಯ ಸಂದರ್ಶನಗಳ ದನಿಗಳು, ನಮ್ಮ ನಡುವೆ ಆಡದೇ ಉಳಿದ ಮಾತುಗಳಿವೆ ಎಂಬ ಅರ್ಥದವು. ಆಮೇಲೆ ಕೀಬೋರ್ಡ್ ಮೆಲ್ಲಗೆ ಮಂಜಿನ ಹಾಗೆ ಇಳಿಯುತ್ತದೆ. ‘ಇಟ್ಸ್ ವಾಟ್ ವಿ ಡೂ’ ಎಂಬ ತುಣುಕಿನಲ್ಲಿ ಗಿಲ್ಮೋರರ ಗಿಟಾರ್ ಎದುರಿಗೆ ನೆಟ್ಟಗೆ ನಿಂತಿರುತ್ತದೆ, ಸಾಕಷ್ಟು ದೊಡ್ಡದಾಗಿಯೇ. ಆದರೆ ನಾನು ಕೂತಿರುವುದು ಗಿಟಾರಿನ ಎದುರಲ್ಲ, ಕೀಬೋರ್ಡಿನ ಒಳಗೆ. ಈ ವ್ಯತ್ಯಾಸ ಸ್ಟೀರಿಯೊದಲ್ಲಿ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಅಲ್ಲಿ ರೈಟ್ ಹಿನ್ನೆಲೆ. ಇಲ್ಲಿ ರೈಟ್ ನೆಲ.

ಎರಡನೆಯ ಭಾಗದ ‘ಸ್ಕಿನ್ಸ್’ ಮೇಸನ್ನರದು. ಐದು ಸ್ಪೀಕರಿನವರು ಕಾಯುತ್ತಿದ್ದ ಕ್ಷಣ ಏನಾದರೂ ಇದ್ದರೆ ಅದು ಇದು, ಚರ್ಮವಾದ್ಯಗಳ ಗುಡುಗು. ನನಗೆ ಎರಡನೆಯ ಸಲಕ್ಕೇ ಸಾಕಾಯಿತು. ಸ್ಟೀಫನ್ ಹಾಕಿಂಗರ ಯಂತ್ರದ ದನಿ ಬರುವ ತುಣುಕಿನ ಬಗ್ಗೆಯೂ ಹೆಚ್ಚು ಹೇಳಲಾರೆ. ‘ಡಿವಿಷನ್ ಬೆಲ್’ನಲ್ಲಿ ಆ ದನಿ ಮೊದಲ ಸಲ ಬಂದಾಗ ಅದಕ್ಕೊಂದು ತೂಕವಿತ್ತು, ಇಲ್ಲಿ ಹಳೆಯ ನೆಂಟರು ಬಂದುಹೋದಂತೆ. ಕೊನೆಯ ‘ಲೌಡರ್ ದ್ಯಾನ್ ವರ್ಡ್ಸ್’ ಈ ಆಲ್ಬಮ್ಮಿನ ಒಂದೇ ಹಾಡು, ಸಾಹಿತ್ಯ ಪಾಲಿ ಸ್ಯಾಮ್ಸನ್ ಅವರದು. ಹಾಡು ಚೆನ್ನಾಗಿದೆ. ಆದರೆ ಸರೌಂಡಿನಲ್ಲಿ ಅದು ನನಗೆ ಸ್ವಲ್ಪ ಕಿರಿಕಿರಿ. ಅಲ್ಲಿಯವರೆಗೆ ದೋಣಿಮನೆಯೊಳಗೆ ಕೂರಿಸಿದ್ದವರು ಹಾಡು ಶುರುವಾದ ಕೂಡಲೇ ಎಬ್ಬಿಸಿ ಮತ್ತೆ ಸಭಿಕರ ಸಾಲಿಗೆ ಕಳಿಸುತ್ತಾರೆ. ಹಾಡುವ ಬಾಯಿ ಇದ್ದ ಕಡೆ ಮುಖ ಮಾಡಲೇಬೇಕಲ್ಲ. ಬಹಳ ಜನಕ್ಕೆ ಇದೇ ಆಲ್ಬಮ್ಮಿನ ಅತ್ಯುತ್ತಮ ಘಟ್ಟ, ನನಗೆ ಇದು ಬಾಗಿಲವರೆಗೆ ಬಂದು ಬೀಳ್ಕೊಡುವ ಉಪಚಾರ.

ನಾನು ಮತ್ತೆ ಮತ್ತೆ ಹೋಗುವುದು ಮೂರನೆಯ ಭಾಗದ ನಡುವಿಗೆ. ಅಲ್ಲಿ ‘ಆಟಮ್ ’68’ ಎಂಬ ಒಂದೂವರೆ ನಿಮಿಷದ ತುಣುಕಿದೆ. ಇದು 1993ರದ್ದಲ್ಲ. 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಪೈಪ್ ಆರ್ಗನ್ನನ್ನು ರೈಟ್ ನುಡಿಸಿದಾಗ ಮುದ್ರಿಸಿಕೊಂಡದ್ದು. ಹತ್ತಿರ ಹತ್ತಿರ ಹತ್ತು ಸಾವಿರ ಕೊಳವೆಗಳ ಆ ವಾದ್ಯದ ಮುಂದೆ ಇಪ್ಪತ್ತೈದರ ಆಸುಪಾಸಿನ ಹುಡುಗ. ಆ ಸಭಾಂಗಣ ತನ್ನ ಮಾರ್ದನಿಗೆ ಕುಖ್ಯಾತವಾಗಿತ್ತು. ನುಡಿಸಿದ್ದು ಒಮ್ಮೆ, ಕೇಳುವುದು ಎರಡು ಸಲ ಎಂದು ಅಲ್ಲಿನವರೇ ನಗೆಯಾಡುತ್ತಿದ್ದರು. ಅದನ್ನು ತಗ್ಗಿಸಲೆಂದು ಛಾವಣಿಯಿಂದ ಅಣಬೆಯಾಕಾರದ ದೊಡ್ಡ ತಟ್ಟೆಗಳನ್ನು ತೂಗುಹಾಕಿದ್ದೂ 1969ರಲ್ಲೇ. ಆ ಅಣಬೆಗಳು ನುಂಗದೆ ಬಿಟ್ಟ ಮಾರ್ದನಿಯೇ ಈ ಒಂದೂವರೆ ನಿಮಿಷದಲ್ಲಿ ಇರುವುದು ಎಂದು ನನಗೆ ನಾನೇ ಕಥೆ ಕಟ್ಟಿಕೊಂಡಿದ್ದೇನೆ. ಹಳೆಯ ಮುದ್ರಣ, ಅಂಚು ಸವೆದಿದೆ. ಸ್ಟೀರಿಯೊದಲ್ಲಿ ಅದು ಒಂದು ಹಳೆಯ ಫೋಟೋ. ಐದು ಸ್ಪೀಕರಿಗೆ ಹರಡಿದಾಗ ಸವೆದ ಅಂಚೇ ಗೋಡೆಯಾಗಿ, ನನ್ನ ಸಣ್ಣ ಕೋಣೆಯ ಸೂರು ಮೇಲಕ್ಕೆ ಸರಿಯುತ್ತದೆ. ಸತ್ತವನೊಬ್ಬ ತನ್ನ ಐವತ್ತರಲ್ಲಿ ನುಡಿಸಿದ್ದರ ನಡುವೆ ತನ್ನ ಇಪ್ಪತ್ತೈದರಲ್ಲಿ ನುಡಿಸುತ್ತಾನೆ, ಬದುಕಿರುವ ಗೆಳೆಯರು ಎರಡಕ್ಕೂ ಜೊತೆ ನೀಡುತ್ತಾರೆ.

ರೈಟ್ ಇದ್ದದ್ದೇ ಹಿಮ್ಮೇಳದಲ್ಲಿ. ಗಿಲ್ಮೋರ್ ಮತ್ತು ತಂಡದ ಹಿಂದಿನ ಸದಸ್ಯ ರೋಜರ್ ವಾಟರ್ಸ್ ನಡುವಿನ ಜಗಳ ಜಗತ್ತಿಗೇ ಗೊತ್ತು, ಇವರು ಮಾತ್ರ ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. 1979ರಲ್ಲಿ ‘ದಿ ವಾಲ್’ ಆಲ್ಬಮ್ ಸಿದ್ಧವಾಗುತ್ತಿದ್ದಾಗ ತಂಡದಿಂದ ಹೊರದೂಡಿಸಿಕೊಂಡರು. ಆದರೂ ಅದರ ಪ್ರದರ್ಶನಗಳಲ್ಲಿ ಸಂಬಳದ ವಾದಕನಾಗಿ ನುಡಿಸಿದರು. ಆ ಪ್ರವಾಸ ನಷ್ಟ ಅನುಭವಿಸಿತು. ಪಾಲುದಾರನಲ್ಲದ ಅವರೊಬ್ಬರಿಗೇ ಕೈಗೆ ಕಾಸು ದಕ್ಕಿತು. ಈ ಸಂಗತಿ ನೆನೆದಾಗಲೆಲ್ಲ ನನಗೆ ಒಳಗೊಳಗೇ ಖುಷಿ. 1983ರ ‘ದಿ ಫೈನಲ್ ಕಟ್’ನಲ್ಲಿ ಅವರಿಲ್ಲ. 1987ರಲ್ಲಿ ಮರಳಿದರು, ಆದರೆ ಪೂರ್ತಿ ಸದಸ್ಯನಾಗಿ ಅಲ್ಲ. ‘ಡಿವಿಷನ್ ಬೆಲ್’ ಹೊತ್ತಿಗೆ ಜಾಗ ಮತ್ತೆ ಸಿಕ್ಕಿತು. ಆ ಆಲ್ಬಮ್ಮಿನಲ್ಲಿ ಸೇರದೆ ಉಳಿದದ್ದರಿಂದ ಈ ಕೊನೆಯ ಆಲ್ಬಮ್ ಮೂಡಿತು. ಇದು ರೈಟ್‌ಗೆ ಸಲ್ಲಿಸಿದ ನಮನ ಎಂದು ಗಿಲ್ಮೋರ್ ಮತ್ತು ಮೇಸನ್ ಆಗಲೇ ಹೇಳಿದ್ದರು. ಹೇಳಿದ್ದನ್ನು ನಾನು ಓದಿಯೂ ಇದ್ದೆ. ಬಿಡುಗಡೆಯ ಹೊತ್ತಿನಲ್ಲಿ ಎಲ್ಲರೂ ಹೇಳುವ ಮಾತು ಎಂದುಕೊಂಡು ಪುಟ ತಿರುವಿದ್ದೆ.

ಆಮೇಲೆ ಗೊತ್ತಾದ ಒಂದು ಸಂಗತಿ ನನ್ನ ಓದನ್ನು ತಲೆಕೆಳಗು ಮಾಡಿತು. 1967ರ ಮೇ 12ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲಿನಲ್ಲಿ ಈ ತಂಡ ‘ಗೇಮ್ಸ್ ಫಾರ್ ಮೇ’ ಎಂಬ ಕಾರ್ಯಕ್ರಮ ಕೊಟ್ಟಿತು. ಸಭಾಂಗಣದ ಸುತ್ತ ಸ್ಪೀಕರುಗಳು. ಎಬಿ ರೋಡ್ ಸ್ಟುಡಿಯೋದ ಎಂಜಿನಿಯರ್ ಬರ್ನಾರ್ಡ್ ಸ್ಪೈಟ್ ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದರು, ‘ಅಜಿಮತ್ ಕೋಆರ್ಡಿನೇಟರ್’ ಅಂತ ಹೆಸರು. ಅದರ ಹಿಡಿಯನ್ನು ಯಾವ ಕಡೆ ವಾಲಿಸಿದರೆ ಸದ್ದು ಆ ಮೂಲೆಗೆ ಓಡುತ್ತದೆ. ಮೊದಲ ಪೆಟ್ಟಿಗೆಯನ್ನು ಕಾರ್ಯಕ್ರಮದ ಬೆನ್ನಿಗೇ ಯಾರೋ ಕದ್ದರು, ಆಮೇಲೆ ಇನ್ನೊಂದನ್ನು ಮಾಡಿಸಬೇಕಾಯಿತು. ರಾಕ್ ಸಂಗೀತದಲ್ಲಿ ಸರೌಂಡ್ ಧ್ವನಿಯ ಮಾತು ಬಂದರೆ ಈ ಪೆಟ್ಟಿಗೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಾನೂ ಹತ್ತಾರು ಸಲ ಹೇಳಿದ್ದೇನೆ. ಹೇಳುವಾಗೆಲ್ಲ ಆ ಹಿಡಿಯ ಮೇಲೆ ಯಾರ ಕೈ ಇತ್ತು ಎಂದು ಕೇಳಿಕೊಂಡಿರಲಿಲ್ಲ. ರೈಟ್ ಅವರ ಕೈ. ಆರ್ಗನ್ ನುಡಿಸುತ್ತಲೇ ಸದ್ದನ್ನು ಸಭಾಂಗಣದ ಸುತ್ತ ತಿರುಗಿಸುತ್ತಿದ್ದವರು ಅವರು.

ಹೀಗಾಗಿ ಹಿಂಬದಿ ಸ್ಪೀಕರಿಗೆ ಕೀಬೋರ್ಡನ್ನು ಹಬ್ಬಿಸಿದ್ದು ಸರಿಯೋ ತಪ್ಪೋ ಎಂಬ ಜಗಳದಲ್ಲಿ ನಾನು ಈಗ ಪಕ್ಷ ವಹಿಸುತ್ತೇನೆ. ಸರೌಂಡ್ ಮಿಕ್ಸ್ ಮಾಡಿದ ಆ್ಯಂಡಿ ಜಾಕ್ಸನ್ ಇದನ್ನೆಲ್ಲ ನೆನೆದೇ ಮಾಡಿದರು ಎಂದು ಹೇಳುವ ಧೈರ್ಯ ನನಗಿಲ್ಲ, ಹಿಂದೊಮ್ಮೆ ಅವರ ಎದೆಗಾರಿಕೆಯನ್ನು ಹೊಗಳಿ ಮುಖ ಕೆಡಿಸಿಕೊಂಡವನು ನಾನು. ಆದರೆ ಫಲ ಎದುರಿಗಿದೆ. ಎದುರಿಗಲ್ಲ, ಸುತ್ತ. ಆ ಹಿಡಿಯನ್ನು ಹಿಡಿದಿದ್ದವರೇ ಈಗ ಕೋಣೆಯ ತುಂಬ ಹರಡಿಕೊಂಡಿದ್ದಾರೆ. ಅದು ಸಭ್ಯ ಮಿಕ್ಸ್ ಎಂದರೆ ಹೌದು, ಮನುಷ್ಯರೂ ಸಭ್ಯರೇ ಆಗಿದ್ದರು.

ತಕರಾರುಗಳಲ್ಲಿ ಒಂದನ್ನು ಮಾತ್ರ ನಾನು ತಳ್ಳಿಹಾಕಲಾರೆ. ಇದು ಸರೌಂಡಿನಲ್ಲಿ ಮಾತ್ರ ನಿಲ್ಲುವ ಆಲ್ಬಮ್ ಆದರೆ ಅದನ್ನು ಆಲ್ಬಮ್ ಅನ್ನಬೇಕೇ ಎಂದು ಗೆಳೆಯನೊಬ್ಬ ಕೇಳಿದ್ದ. ‘ಡಾರ್ಕ್ ಸೈಡ್’ ಅನ್ನು ಒಂದೇ ಸ್ಪೀಕರಿನ ರೇಡಿಯೋದಲ್ಲಿ ಕೇಳಿದರೂ ಅದು ‘ಡಾರ್ಕ್ ಸೈಡ್’. ಇದಕ್ಕೆ ಮಾತ್ರ ಐದು ಸ್ಪೀಕರು, ಒಂದು ಕುರ್ಚಿ, ಒಂದು ಸಾವು ಎಲ್ಲವೂ ಬೇಕು. ನಾನು ಆ ದಿನ ಏನೋ ಉತ್ತರ ಕೊಟ್ಟೆ, ಉದ್ದವಾಗಿಯೇ. ಅವನಿಗೆ ಒಪ್ಪಿಗೆಯಾಗಲಿಲ್ಲ, ನನಗೂ ಪೂರ್ತಿ ಆಗಿರಲಿಲ್ಲ. ಸಂಗೀತ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂಬುದು ಒಳ್ಳೆಯ ನಿಯಮ. ಕೆಲವು ಸಂಗೀತ ಕೂತುಕೊಂಡಿರುತ್ತದೆ, ಅದಕ್ಕೇನು ಮಾಡುವುದು?

‘ಕೊನೆಯ’ ಎಂಬ ಮಾತಿನ ಬಗ್ಗೆಯೂ ಒಂದಿಷ್ಟು ಎಳೆದಾಟವಿದೆ. ಬೀಟಲ್ಸ್ ವಿಷಯದಲ್ಲಿ ಕೊನೆಗೆ ಬಿಡುಗಡೆಯಾದದ್ದು ‘ಲೆಟ್ ಇಟ್ ಬಿ’, ಆದರೆ ಅದರ ಬಹುಪಾಲು ‘ಎಬಿ ರೋಡ್’ಗಿಂತ ಮೊದಲೇ ಮುದ್ರಣವಾಗಿತ್ತು, ಯಾವುದು ಕೊನೆಯದು ಎಂದು ಅಭಿಮಾನಿಗಳು ಇಂದಿಗೂ ಕಾದಾಡುತ್ತಾರೆ. ಪಿಂಕ್ ಫ್ಲಾಯ್ಡ್ ಕೂಡ 2022ರ ಏಪ್ರಿಲಿನಲ್ಲಿ ಉಕ್ರೇನಿನ ನೆರವಿಗಾಗಿ ಒಂದು ಹಾಡು ಹೊರತಂದಿತು. ಅದು ಬಿಡಿ ಹಾಡು, ಆಲ್ಬಮ್ ಅಲ್ಲ. ಅದರಲ್ಲಿ ರೈಟ್ ಇರಲು ಸಾಧ್ಯವಿರಲಿಲ್ಲ. ನನ್ನ ಮಟ್ಟಿಗೆ ಕೊನೆ 2014ರದ್ದೇ.

ತಂತಿ ಸರಿಪಡಿಸಿದ ವಾರ ಇನ್ನೊಂದು ಕೆಲಸ ಮಾಡಿದೆ. ತಂತಿ ಕೀಳುವುದು ಹೇಗೂ ರೂಢಿಯಾಗಿತ್ತು. ಮುಂದಿನ ಮೂರು ಸ್ಪೀಕರುಗಳನ್ನೂ ಸಬ್‌ವೂಫರನ್ನೂ ಬಿಚ್ಚಿ, ಹಿಂದಿನ ಎರಡನ್ನು ಮಾತ್ರ ಉಳಿಸಿ ಆಲ್ಬಮ್ ಹಾಕಿದೆ. ಯಾರೂ ಹೀಗೆ ಕೇಳಬೇಕೆಂದು ಮಾಡಿದ್ದಲ್ಲ ಅದು, ಗೊತ್ತು. ಗಿಟಾರ್ ಪಕ್ಕದ ಮನೆಗೆ ಹೋಯಿತು. ಡ್ರಮ್ಸ್ ಒಣಗಿದ ತಟಪಟ ಆಯಿತು. ಆದರೆ ನಡುನಡುವೆ ಗಿಟಾರ್ ಪೂರ್ತಿ ಸುಮ್ಮನಾದಾಗ ಆ ಕೀಬೋರ್ಡ್ ಒಂದೇ ಉಳಿಯುತ್ತಿತ್ತು, ಎಲ್ಲಿಗೂ ಹೊರಡದೆ, ಯಾರನ್ನೂ ಕರೆಯದೆ, ಎರಡು ಸ್ವರಗಳ ನಡುವೆ ಅಷ್ಟು ಹೊತ್ತು ಕಾಯುತ್ತ. ಆರ್ಗನ್ನಿನ ತುಣುಕು ಬರುವ ಹೊತ್ತಿಗೆ ನಾನು ಎದ್ದು ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿ, ಆ ಎರಡು ಸ್ಪೀಕರುಗಳಿಗೆ ಮುಖ ಮಾಡಿ ಕೂತೆ. ಮುಂದಿನ ತಂತಿಗಳನ್ನು ಮತ್ತೆ ಜೋಡಿಸಿದ್ದು ಮರುದಿನ. ಕುರ್ಚಿ ಇನ್ನೂ ಹಾಗೆಯೇ ಇದೆ.